ಬೆಳಗ್ಗೆ ಎಲೆ, ಬಿಸಿಲೇರಿದಾಗ ಕಡಲು: ಪೆರಂಬಲೂರಿನಲ್ಲಿ ಒಂದು ದಿನ ಪಳೆಯುಳಿಕೆ ಹುಡುಕುವುದು ಹೇಗೆ

ಪಳೆಯುಳಿಕೆಗಳನ್ನು ಬಯಲಲ್ಲೇ ನೋಡಬೇಕು ಅನ್ನುವ ಆಸೆ ಇರುವ ಕನ್ನಡಿಗರಿಗೆ ಒಂದು ತೊಂದರೆ ಇದೆ. ನಮ್ಮ ರಾಜ್ಯದ ಕಲ್ಲು ಬಹುಪಾಲು ತೀರಾ ಹಳೆಯದು. 250 ಕೋಟಿ ವರ್ಷ, ಅದಕ್ಕೂ ಹಿಂದಿನದು. ಆಗ ಭೂಮಿಯ ಮೇಲೆ ಎಲೆಯೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಚಿತ್ರದುರ್ಗದ ಕಡೆ, ಬಾಗಲಕೋಟೆಯ ಕಡೆ ಸ್ಟ್ರೊಮಾಟೊಲೈಟ್ ಸಿಗುತ್ತವೆ ನಿಜ. ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಕಲ್ಲುಗಳು ಅವು. ನನಗೇನೋ ಇಷ್ಟ. ಆದರೆ ನನ್ನ ಮಗಳಿಗೆ ತೋರಿಸಿದರೆ "ಬರೀ ಗೆರೆ ಅಲ್ವಾ ಅಪ್ಪಾ" ಅಂದಳು. ಅವಳಿಗೆ ಬೇಕಾಗಿದ್ದು ಮುಖ ಮೂತಿ ಇರುವ ಪಳೆಯುಳಿಕೆ.

ಅದಕ್ಕೆ ತಮಿಳುನಾಡಿನ ಪೆರಂಬಲೂರಿಗೆ ಹೋಗಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು, ಭೂವಿಜ್ಞಾನಿ ಅಲ್ಲ. ರಜೆ ಸಿಕ್ಕಾಗ ಮಗಳನ್ನೂ ಬಾಮೈದನನ್ನೂ ಕಟ್ಟಿಕೊಂಡು ಆ ಕಡೆ ಹೋಗುತ್ತೇನೆ. ಬಾಮೈದ ಟೈಲ್ಸ್ ಹಾಕಿಸುವ ಕಂಟ್ರಾಕ್ಟರ್. ಕಲ್ಲು ನೋಡುವುದರಲ್ಲಿ ಅವನ ಕಣ್ಣು ನನ್ನದಕ್ಕಿಂತ ಚುರುಕು. ಈ ಬರಹದಲ್ಲಿ ಅರ್ಧ ಬುದ್ಧಿ ಅವನದು.

ಮೊದಲು ನಕ್ಷೆ ಅರ್ಥ ಮಾಡಿಕೊಳ್ಳಿ

ಪೆರಂಬಲೂರು, ಅರಿಯಲೂರು ಜಿಲ್ಲೆಗಳಲ್ಲಿ ಈಗ ಹತ್ತಿ, ಜೋಳ, ಸಣ್ಣ ಈರುಳ್ಳಿ ಬೆಳೆಯುತ್ತಾರೆ. ಕ್ರಿಟೇಷಿಯಸ್ ಕಾಲದಲ್ಲಿ, ಅಂದರೆ ಸುಮಾರು 14.5 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ, ಭಾರತ ದಕ್ಷಿಣದ ದೊಡ್ಡ ಭೂಖಂಡದಿಂದ ಬಿಟ್ಟುಕೊಂಡು ಬಂತು. ಬಿಟ್ಟುಕೊಂಡ ಅಂಚಿನಲ್ಲಿ ನೆಲ ಕುಸಿಯಿತು, ಸಮುದ್ರ ಒಳಗೆ ನುಗ್ಗಿತು. ಪಶ್ಚಿಮಕ್ಕೆ ಗಟ್ಟಿ ಬಂಡೆಯ ದಡ, ಪೂರ್ವಕ್ಕೆ ಕಡಲು. ದಡದ ಗಿಡಮರಗಳು ನದಿಯಲ್ಲಿ ತೇಲಿ ಬಂದು ಅದೇ ಕೆಸರಲ್ಲಿ ಹೂತುಹೋದವು. ಸಸ್ಯ, ಸಮುದ್ರಜೀವಿ ಎರಡೂ ಒಂದೇ ದಿನದ ಓಡಾಟದಲ್ಲಿ ಸಿಗುವುದಕ್ಕೆ ಕಾರಣ ಇದು.

ಇಲ್ಲಿನ ಪದರಗಳು ಪೂರ್ವದ ಕಡೆಗೆ ಮೆಲ್ಲಗೆ ಇಳಿಜಾರಾಗಿವೆ. ಹಾಗಾಗಿ ಪಶ್ಚಿಮದ ಅಂಚಿನಲ್ಲಿ ಹಳೆಯ ಪದರ, ಪೂರ್ವಕ್ಕೆ ಹೋದಷ್ಟೂ ಹೊಸ ಪದರ. ನನ್ನ ಮೊದಲ ಸಲಹೆ, ಎಲ್ಲಕ್ಕಿಂತ ಮುಖ್ಯವಾದ ಸಲಹೆ, ಇದೇ: ದಿನದ ಓಡಾಟವನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾಕಿಕೊಳ್ಳಿ. ತೆರಣಿ, ಆಮೇಲೆ ಕಾರೈ, ಆಮೇಲೆ ಗರುಡಮಂಗಲಂ, ಸಾತ್ತನೂರು, ಸಮಯ ಉಳಿದರೆ ಅರಿಯಲೂರು. ಹೀಗೆ ಹೋದರೆ ನೋಡಿದ್ದೆಲ್ಲ ತಲೆಯಲ್ಲಿ ತಾನಾಗೇ ಸಾಲಾಗಿ ಕೂರುತ್ತದೆ. ಗೂಗಲ್ ಮ್ಯಾಪ್ ಹೇಳಿದ ಹತ್ತಿರದ ದಾರಿ ಹಿಡಿದು ಅತ್ತಿತ್ತ ಸುತ್ತಿದವರು ಸಂಜೆಗೆ "ತುಂಬಾ ಕಲ್ಲು ನೋಡಿದೆವು" ಅನ್ನುತ್ತಾರೆ, ಅಷ್ಟೇ.

ಈ ಪದರಗಳಿಗೆ ಹೆಸರು ಹೊಸದಾಗಿ ಬಂದಿದ್ದಲ್ಲ. 1840ರ ದಶಕದಲ್ಲೇ ಕೇ, ಕನ್‌ಲಿಫ್ ಎಂಬ ಇಬ್ಬರು ಇಲ್ಲಿಂದ ಚಿಪ್ಪುಗಳನ್ನು ಆರಿಸಿ ಲಂಡನ್ನಿಗೆ ಕಳಿಸಿದ್ದರು. ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಅವನ್ನು ವರ್ಣಿಸಿದರು. ಆಮೇಲೆ ಬ್ಲಾನ್‌ಫರ್ಡ್ ಎಂಬ ಭೂವಿಜ್ಞಾನಿ ಇಡೀ ಪ್ರದೇಶ ಸುತ್ತಿ ಊಟ್ಟತ್ತೂರು, ತಿರುಚಿನಾಪಳ್ಳಿ, ಅರಿಯಲೂರು ಎಂದು ಮೂರು ಗುಂಪು ಮಾಡಿದರು. ಹಳೆಯದರಿಂದ ಹೊಸದಕ್ಕೆ, ಅದೇ ಕ್ರಮ. ಇವತ್ತಿಗೂ ಅದೇ ಹೆಸರುಗಳು ಚಾಲ್ತಿಯಲ್ಲಿವೆ. ಸ್ಟೊಲಿಚ್ಕಾ ಎಂಬ ಪುಣ್ಯಾತ್ಮ ಇಲ್ಲಿನ ಅಮೋನೈಟ್ (ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲಜೀವಿ), ಚಿಪ್ಪುಗಳ ಬಗ್ಗೆ ಸಂಪುಟಗಟ್ಟಲೆ ಬರೆದಿಟ್ಟಿದ್ದಾರೆ. ಚಿತ್ರಗಳೇ ಸಾಕು, ಎಷ್ಟು ಚೆನ್ನಾಗಿವೆ ಅಂದರೆ ಮೊಬೈಲ್ ಫೋಟೋಗಿಂತ ಅವುಗಳಿಂದ ಗುರುತು ಹಿಡಿಯುವುದು ಸುಲಭ.

ಯಾವಾಗ, ಹೇಗೆ

ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಆ ಕಡೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ಗೆ ಬರುವ ಹಿಂಗಾರು. ಮಳೆ ಜೇಡಿಮಣ್ಣನ್ನು ತೊಳೆದು ಹೊಸ ಪಳೆಯುಳಿಕೆಗಳನ್ನು ಮೇಲೆ ತಂದಿಟ್ಟಿರುತ್ತದೆ. ಮಳೆ ನಿಂತು ನೆಲ ಒಣಗಿದ ಕೂಡಲೇ ಹೋದವರಿಗೆ ಲಾಭ. ಮಳೆ ಬಿದ್ದ ಮರುದಿನವೇ ಹೋಗಬೇಡಿ. ಕಾರೈ ಮಣ್ಣು ಚಪ್ಪಲಿಗೆ ಹತ್ತಿದರೆ ಒಂದೊಂದು ಕಾಲೂ ಎರಡೆರಡು ಕಿಲೋ. ಏಪ್ರಿಲ್, ಮೇ ಬೇಡವೇ ಬೇಡ. ಅಲ್ಲಿ ನೆರಳೇ ಇಲ್ಲ.

ಬೆಂಗಳೂರಿನಿಂದ ಕಾರಿನಲ್ಲಿ ಹೊಸೂರು, ಕೃಷ್ಣಗಿರಿ, ಸೇಲಂ, ಆತ್ತೂರು ಮೂಲಕ ಪೆರಂಬಲೂರು. ಆರೇಳು ಗಂಟೆಯ ದಾರಿ. ಬೆಳಗ್ಗೆ ಹೊರಟು ಅವತ್ತೇ ನೋಡಿ ಬರುತ್ತೇನೆ ಅಂದರೆ ಆಗುವುದಿಲ್ಲ. ಹಿಂದಿನ ದಿನ ಹೋಗಿ ಪೆರಂಬಲೂರಿನಲ್ಲೋ ತಿರುಚ್ಚಿಯಲ್ಲೋ ಉಳಿದುಕೊಳ್ಳಿ. ರೈಲು ಇಷ್ಟಪಡುವವರಿಗೆ ಮೈಸೂರಿನಿಂದ ಬೆಂಗಳೂರು ಮೂಲಕ ತಿರುಚ್ಚಿಗೆ ರಾತ್ರಿ ರೈಲಿದೆ. ಅಲ್ಲಿ ಇಳಿದು ಇಡೀ ದಿನಕ್ಕೆ ಒಂದು ಟ್ಯಾಕ್ಸಿ ಮಾತಾಡಿಕೊಳ್ಳಿ. ಬಸ್ಸಿನಲ್ಲಿ ಪಾಡಾಲೂರಿನವರೆಗೆ ಸಲೀಸಾಗಿ ಹೋಗಬಹುದು, ತಿರುಚ್ಚಿ–ಚೆನ್ನೈ ಹೆದ್ದಾರಿಯಲ್ಲೇ ಇದೆ. ಅಲ್ಲಿಂದ ಒಳಗಿನ ಹಳ್ಳಿಗಳಿಗೆ ಬಸ್ಸು ನಂಬಿ ಕೂತರೆ ಅರ್ಧ ದಿನ ನಿಲ್ದಾಣದಲ್ಲೇ ಹೋಗುತ್ತದೆ.

ತಮಿಳು ಬಾರದಿದ್ದರೆ ಚಿಂತೆ ಇಲ್ಲ. "ಕಲ್ ಮರಂ" ಅಂದರೆ ಸಾಕು, ಎಲ್ಲರೂ ಸಾತ್ತನೂರಿನ ಕಡೆ ಕೈ ತೋರಿಸುತ್ತಾರೆ. ಕಾರೈ ಬಯಲು ಕೇಳಬೇಕಾದರೆ ಮಾತಿಗಿಂತ ಮೊಬೈಲಿನಲ್ಲಿ ಒಂದು ಅಮೋನೈಟ್ ಚಿತ್ರ ತೋರಿಸಿ. ಆಡು ಮೇಯಿಸುವವರಿಗೆ ಯಾವ ಕೊರಕಲಿನಲ್ಲಿ ಏನಿದೆ ಅನ್ನುವುದು ನಮಗಿಂತ ಚೆನ್ನಾಗಿ ಗೊತ್ತು.

ಚೀಲದಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಭೂತಕನ್ನಡಿ ಒಂದು. ಇದಿಲ್ಲದೆ ಹೋಗಬೇಡಿ. ಬಳಸುವ ಕ್ರಮ ಬಹಳ ಜನಕ್ಕೆ ಗೊತ್ತಿಲ್ಲ: ಕನ್ನಡಿಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನು ಕನ್ನಡಿಯ ಹತ್ತಿರ ತರಬೇಕು. ಕಲ್ಲಿನ ಮೇಲೆ ಕನ್ನಡಿ ಹಿಡಿದು ದೂರದಿಂದ ಇಣುಕುವುದು ಸಿನಿಮಾ ಪತ್ತೇದಾರರ ಕೆಲಸ.

ಪ್ಲಾಸ್ಟಿಕ್ ಸ್ಕೇಲು, ಹಳೆಯ ಟೂತ್‌ಬ್ರಷ್, ನೋಟ್‌ಬುಕ್, ಪೆನ್ಸಿಲ್ (ಪೆನ್ನು ಬೆವರಿಗೆ ಹರಡುತ್ತದೆ), ಟೋಪಿ, ತಲೆಗೆ ಮೂರು ಲೀಟರಿನಂತೆ ನೀರು. ಗಟ್ಟಿ ಅಟ್ಟೆಯ ಶೂ ಕಡ್ಡಾಯ, ಯಾಕೆಂದರೆ ಬಳ್ಳಾರಿ ಜಾಲಿ ಎಲ್ಲೆಡೆ ಹಬ್ಬಿದೆ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನು ದಾಟಿ ಅಂಗಾಲಿಗೆ ನಾಟುತ್ತದೆ. ಕಾರಿನ ಟೈರಿಗೂ ಅಷ್ಟೇ, ಸ್ಟೆಪ್ನಿ ಸರಿ ಇದೆಯಾ ನೋಡಿಕೊಂಡು ಹೊರಡಿ. ಊಟಕ್ಕೆ ಮೊಸರನ್ನ ಕಟ್ಟಿಸಿಕೊಳ್ಳಿ. ಒಳಗಿನ ಹಳ್ಳಿಗಳಲ್ಲಿ ಮಧ್ಯಾಹ್ನ ಹೋಟೆಲು ಹುಡುಕಿಕೊಂಡು ಅಲೆಯುವುದು ವ್ಯರ್ಥ.

ಸುತ್ತಿಗೆ ಬೇಡ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ತೆರಣಿ: ಬಿಳಿ ಜೇಡಿಯಲ್ಲಿ ಎಲೆ

ಬೆಳಗ್ಗೆ ಏಳರ ಹೊತ್ತಿಗೆ ಇಲ್ಲಿರಿ. ಪಾಡಾಲೂರಿನಿಂದ ಒಳಕ್ಕೆ ತಿರುಗಿದರೆ ತೆರಣಿ. ಇಲ್ಲಿನ ಬಿಳಿ ಜೇಡಿಮಣ್ಣನ್ನು ಗಣಿ ತೋಡಿ ತೆಗೆಯುತ್ತಾರೆ. ಎಲೆಗಳ ಅಚ್ಚು ಇರುವುದು ಆ ಜೇಡಿಯಲ್ಲೇ. ಗಣಿ ಅಂದಮೇಲೆ ಯಾರದ್ದೋ ಸ್ವತ್ತು. ಕಾವಲುಗಾರ ಇದ್ದರೆ ಕೇಳಿ, ಇಲ್ಲ ಅಂದರೆ ವಾಪಸ್ ಬನ್ನಿ. ಒಪ್ಪಿದರೂ ಗುಂಡಿಗೆ ಇಳಿಯಬೇಡಿ. ಕಡಿದ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ, ತಳದಲ್ಲಿ ನಿಂತ ನೀರಿನ ಆಳ ಮೇಲಿಂದ ತಿಳಿಯುವುದಿಲ್ಲ. ಇಳಿಯುವ ಅಗತ್ಯವೂ ಇಲ್ಲ. ಬೇಡದ ಜೇಡಿಯನ್ನು ಹೊರಗೆ ಗುಡ್ಡೆ ಹಾಕಿರುತ್ತಾರೆ. ಅದರ ಬುಡದಲ್ಲೇ ನಿಮ್ಮ ಕೆಲಸ.

ಹುಡುಕಬೇಕಾದ್ದು ಚಪ್ಪಟೆ ಚಕ್ಕೆಗಳನ್ನು. ಉಂಡೆಗಳಲ್ಲಿ ಏನೂ ಇರುವುದಿಲ್ಲ. ಚಕ್ಕೆ ಎತ್ತಿ ಸೂರ್ಯನಿಗೆ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಏನೂ ಕಾಣದ ಚಕ್ಕೆಯಲ್ಲಿ ಓರೆ ಬೆಳಕು ಬಿದ್ದ ತಕ್ಷಣ ಎಲೆಯ ಗೆರೆಗಳು ಎದ್ದು ಬರುತ್ತವೆ. ಕಬ್ಬಿಣದ ಕಿಲುಬಿನಿಂದ ಕಂದು ಬಣ್ಣ ಹಿಡಿದ ಎಲೆಗಳಾದರೆ ಇನ್ನೂ ಸುಲಭ.

ಜಾಸ್ತಿ ಸಿಗುವುದು ಟೈಲೋಫಿಲಮ್. ನಡುವೆ ಒಂದು ದಂಟು, ಎರಡೂ ಬದಿಗೆ ಒತ್ತೊತ್ತಾಗಿ ಸಣ್ಣ ಉದ್ದನೆ ಎಲೆಗಳು. ನೋಡಿದವರೆಲ್ಲ "ಜರೀಗಿಡ" ಅನ್ನುತ್ತಾರೆ. ಅಲ್ಲ. ಭೂತಕನ್ನಡಿಯಲ್ಲಿ ಎಲೆ ದಂಟಿಗೆ ಸೇರುವ ಜಾಗ ನೋಡಿ. ಎಲೆಗಳು ದಂಟಿನ ಪಕ್ಕಕ್ಕೆ ಅಂಟಿಲ್ಲ, ಮೇಲ್ಮೈಗೆ ಅಂಟಿವೆ. ಹಾಗಾಗಿ ಎರಡೂ ಸಾಲು ಎಲೆಗಳ ಬುಡ ಸೇರಿ ದಂಟನ್ನು ಮುಕ್ಕಾಲು ಮುಚ್ಚಿಬಿಡುತ್ತವೆ. ಎಲೆಯ ಒಳಗೆ ಗೆರೆಗಳು ಒಂದಕ್ಕೊಂದು ಸಮಾನಾಂತರ. ಇದು ಬೆನೆಟೈಟ್ ಎಂಬ ಗುಂಪಿನ ಗಿಡ. ನೋಡಲು ಈಗಿನ ಸೈಕಸ್ ಗಿಡವನ್ನು ಹೋಲುತ್ತಿತ್ತು. ಆ ಗುಂಪು ಪೂರ್ತಿ ಅಳಿದುಹೋಗಿದೆ. ಇದಲ್ಲದೆ ಅಗಲ ಪಟ್ಟಿಯಂಥ ಟೀನಿಯಾಪ್ಟೆರಿಸ್ ಎಲೆ, ಸೂಚಿಪರ್ಣದ ಮರಗಳ ರೆಂಬೆ ಸಿಗಬಹುದು. ಹೂ ಬಿಡುವ ಗಿಡಗಳಿಗಾಗಿ ಹುಡುಕಬೇಡಿ. ಅವು ಜಗತ್ತನ್ನು ಆಳುವುದಕ್ಕೆ ಮುಂಚಿನ ಕಾಡು ಇದು.

ಎಲೆ ಅಚ್ಚಿನ ಮೇಲೆ ನೀರು ಹಾಕಬೇಡಿ. ಬೇರೆ ಕಲ್ಲುಗಳಿಗೆ ನೀರು ಚಿಮುಕಿಸಿದರೆ ಬಣ್ಣ ಎದ್ದು ಕಾಣುತ್ತದೆ ಅಂತ ಕೆಲವರು ಇಲ್ಲೂ ಅದನ್ನೇ ಮಾಡುತ್ತಾರೆ. ಜೇಡಿ ಕ್ಷಣದಲ್ಲಿ ಉಬ್ಬಿ ಕಲಸಿಹೋಗುತ್ತದೆ, ಎಲೆ ಮಾಯ. ಬ್ರಷ್ ಕೂಡ ಬೇಡ. ಬಾಯಿಂದ ಮೆಲ್ಲಗೆ ಊದಿದರೆ ಸಾಕು. ತೆರಣಿಗೆ ಒಂದು ಗಂಟೆ, ಒಂದೂವರೆ ಗಂಟೆ ಕೊಡಿ.

ಕಾರೈ: ದಿನದ ಮುಖ್ಯ ಭಾಗ

ಕಾರೈ ಬಯಲನ್ನು ಮೊದಲ ಸಲ ನೋಡಿದವರು ಒಂದು ನಿಮಿಷ ಮಾತಾಡುವುದಿಲ್ಲ. ಹಳದಿ, ಬೂದು, ಅಲ್ಲಲ್ಲಿ ಹಸಿರು ಛಾಯೆಯ ಬೋಳು ಮಣ್ಣಿನ ದಿಬ್ಬಗಳು. ಮಳೆನೀರು ಕೊರೆದ ನೂರಾರು ಕೊರಕಲುಗಳು. ಹುಲ್ಲು ಕೂಡ ಸರಿಯಾಗಿ ಹಿಡಿಯದ ನೆಲ. ಇದು ಸುಮಾರು 10 ಕೋಟಿ ವರ್ಷದ ಹಿಂದಿನ ಸಮುದ್ರ ತಳದ ಕೆಸರು.

ಎಲ್ಲೆಲ್ಲೂ ಏನೋ ಥಳಥಳ ಅನ್ನುತ್ತಿರುತ್ತದೆ. ಅದರ ಹಿಂದೆ ಹೋಗಬೇಡಿ. ಅದು ಜಿಪ್ಸಂ. ನೀರಿನಲ್ಲಿ ಕರಗಿ ಬಂದು ಜೇಡಿಯ ಬಿರುಕುಗಳಲ್ಲಿ ಹಾಳೆ ಹಾಳೆಯಾಗಿ ಕೂತ ಖನಿಜ. ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಚಿಪ್ಪು ಕಲ್ಲಾದದ್ದು ಬಹುಪಾಲು ಕ್ಯಾಲ್ಸೈಟ್, ಅದಕ್ಕೆ ಉಗುರು ತಾಗುವುದಿಲ್ಲ. ಕೈಗೆ ಬಂದದ್ದು ಪಳೆಯುಳಿಕೆಯೋ ಜಿಪ್ಸಮ್ಮೋ ಅನ್ನುವ ಅನುಮಾನ ಬಂದಾಗ ನಾವು ಮಾಡುವ ಮೊದಲ ಪರೀಕ್ಷೆ ಇದೇ.

ಹುಡುಕುವ ಕ್ರಮ ಹೀಗೆ. ಇಡೀ ಬಯಲು ಸುತ್ತುವ ಆಸೆ ಬಿಡಿ. ಒಂದೇ ಒಂದು ಕೊರಕಲು ಆರಿಸಿಕೊಳ್ಳಿ. ಅದರ ಬಾಯಿಯಿಂದ ಒಳಗೆ ನಿಧಾನಕ್ಕೆ ನಡೆಯಿರಿ. ಬೆಳಕು ಪಕ್ಕದಿಂದ ಬೀಳುವ ಹಾಗೆ ನೋಡಿಕೊಳ್ಳಿ. ಒಂಬತ್ತು, ಒಂಬತ್ತೂವರೆಯ ಬಿಸಿಲು ಇದಕ್ಕೆ ಸರಿ. ಪ್ರತಿ ಏಣು, ಪ್ರತಿ ಗೆರೆಗೂ ಸಣ್ಣ ನೆರಳು ಬಿದ್ದಿರುತ್ತದೆ. ನಡು ಮಧ್ಯಾಹ್ನ ನೆರಳು ಸತ್ತ ಮೇಲೆ ಅದೇ ನೆಲದಲ್ಲಿ ಏನೂ ಕಾಣುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ಕುಕ್ಕರುಗಾಲಲ್ಲಿ ಕೂತು ಒಂದು ಮೊಳ ಅಗಲದ ನೆಲವನ್ನಷ್ಟೇ ನೋಡಿ. ಬಣ್ಣ ಹುಡುಕಬೇಡಿ, ಆಕಾರ ಹುಡುಕಿ. ಒಂದೇ ಅಂತರದಲ್ಲಿ ಮರುಕಳಿಸುವ ಏಣುಗಳು, ಕೈವಾರದಲ್ಲಿ ಎಳೆದಂಥ ಬಾಗು, ಎಡಕ್ಕೂ ಬಲಕ್ಕೂ ಒಂದೇ ಥರದ ರೂಪ. ಮಣ್ಣುಗಲ್ಲು ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಅಕ್ಕಿ ಆರಿಸುವಾಗ ಮೊದಲ ಕಲ್ಲು ಸಿಗುವುದೇ ತಡ, ಆಮೇಲೆ ಸಾಲಾಗಿ ಕಾಣುತ್ತವಲ್ಲ, ಇಲ್ಲೂ ಕಣ್ಣು ಕೂರುವವರೆಗೆ ಸ್ವಲ್ಪ ತಾಳ್ಮೆ ಬೇಕು. ನನ್ನ ಮಗಳಿಗೆ ಬೇಗ ಕೂರುತ್ತದೆ. ಅವಳ ಕಣ್ಣು ನೆಲಕ್ಕೆ ಹತ್ತಿರ ಇದೆ, ಸೊಂಟ ನೋಯುವುದಿಲ್ಲ.

ಮೊದಲು ಸಿಗುವುದು ಬಹುತೇಕ ಬೆಲೆಮ್‌ನೈಟ್. ಬೆರಳಿನ ಉದ್ದದ, ಒಂದು ತುದಿ ಚೂಪಾದ ದುಂಡು ಕಡ್ಡಿ. ಹೆಚ್ಚಿನವು ತುಂಡಾಗಿರುತ್ತವೆ. ಅದೇ ಒಳ್ಳೆಯದು. ಮುರಿದ ತುದಿಯನ್ನು ಸ್ವಲ್ಪ ಒದ್ದೆ ಮಾಡಿ ಭೂತಕನ್ನಡಿಗೆ ಹಿಡಿಯಿರಿ. ನಡುವಿನ ಒಂದು ಚುಕ್ಕೆಯಿಂದ ಸಣ್ಣ ಸಣ್ಣ ಹರಳುಗಳು ಎಲ್ಲ ದಿಕ್ಕಿಗೂ ಅಂಚಿನವರೆಗೆ ಚಾಚಿಕೊಂಡಿವೆ. ಅವುಗಳಿಗೆ ಅಡ್ಡಲಾಗಿ ಒಂದರೊಳಗೊಂದು ಉಂಗುರಗಳು, ಪ್ರಾಣಿ ಬೆಳೆದ ಹಾಗೆಲ್ಲ ಸೇರಿಕೊಂಡ ಪದರಗಳು. ಬಿಸಿಲಿಗೆ ಅಡ್ಡ ಹಿಡಿದರೆ ಅಂಚು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬಾಮೈದ ಮೊದಲ ಸಲ ಇದನ್ನು ನೋಡಿ "ಬಾವ, ಇದು ಮಿಷನ್ನಿನಲ್ಲಿ ಮಾಡಿದ್ದು" ಅಂತ ಪಟ್ಟು ಹಿಡಿದಿದ್ದ. ಕರಾವಳಿಯಲ್ಲಿ ಬೊಂಡಾಸ್ ಅನ್ನುತ್ತಾರಲ್ಲ, ಸ್ಕ್ವಿಡ್, ಅದರ ದೂರದ ನೆಂಟ ಈ ಪ್ರಾಣಿ. ಕೈಯಲ್ಲಿರುವುದು ಅದರ ಮೈಯೊಳಗಿದ್ದ ಗಟ್ಟಿ ಭಾಗ.

ಎಲ್ಲರಿಗೂ ಬೇಕಾದ್ದು ಅಮೋನೈಟ್. ಸಾಲಿಗ್ರಾಮ ಪೂಜೆ ಇರುವ ಮನೆಯವರು ಅಮೋನೈಟನ್ನು ಆಗಲೇ ನೋಡಿದ್ದಾರೆ. ಗಂಡಕಿ ನದಿಯ ಸಾಲಿಗ್ರಾಮಗಳಲ್ಲಿ ಕಾಣುವ ಚಕ್ರ ಇದೇ ಗುಂಪಿನ ಪ್ರಾಣಿಯದು, ಇನ್ನೂ ಹಳೆಯದು. ಕಾರೈಯಲ್ಲಿ ಪೂರ್ತಿ ಸುರುಳಿ ಸಿಕ್ಕರೆ ಅದೃಷ್ಟ. ಹೆಚ್ಚಾಗಿ ಸಿಗುವುದು ಏಣುಗಳಿರುವ ಬಾಗಿದ ತುಂಡು. ಅದು ಬಸವನಹುಳುವಿನ ಚಿಪ್ಪಲ್ಲ ಅಂತ ಹೇಗೆ ಹೇಳುವುದು? ಮೇಲ್ಮೈ ಸವೆದ ಜಾಗದಲ್ಲಿ ಅಂಕುಡೊಂಕಾದ, ಕವಲು ಕವಲಾದ ಗೆರೆ ಹುಡುಕಿ. ಅಮೋನೈಟ್ ತನ್ನ ಚಿಪ್ಪಿನೊಳಗೆ ಗೋಡೆ ಕಟ್ಟಿ ಕೋಣೆ ಕೋಣೆ ಮಾಡಿಕೊಳ್ಳುತ್ತಿತ್ತು. ಆ ಗೋಡೆ ಚಿಪ್ಪಿಗೆ ಸೇರುವ ಗೆರೆ ಅದು. ಬಸವನಹುಳುವಿಗೆ ಇಂಥ ಗೆರೆ ಇರುವುದಿಲ್ಲ. ಎಲ್ಲ ಅಮೋನೈಟ್‌ಗಳೂ ಚಕ್ಲಿಯ ಆಕಾರದಲ್ಲೇ ಇರಬೇಕೆಂದಿಲ್ಲ. ಮೇಲಕ್ಕೆ ತಿರುಚಿಕೊಂಡು ಹೋಗುವ ಟರ್ರಿಲೈಟಿಸ್ ಇಲ್ಲಿದೆ, ಸುರುಳಿ ಬಿಚ್ಚಿಕೊಂಡು ನೆಟ್ಟಗಾದವೂ ಇವೆ. ನೆಟ್ಟಗಿರುವ ತುಂಡನ್ನು ಅಮೋನೈಟ್ ಅಲ್ಲ ಅಂತ ಎಸೆಯುವ ಮೊದಲು ಆ ಗೆರೆ ನೋಡಿ.

ಇನ್ನೊಂದು ಗೊಂದಲ ತಪ್ಪದೆ ಬರುತ್ತದೆ. ಉಗುರಿನಷ್ಟು ಅಗಲದ ಪುಟ್ಟ ಸುರುಳಿಗಳು ಜಾಸ್ತಿ ಸಿಗುತ್ತವೆ, "ಮರಿ ಅಮೋನೈಟ್" ಅಂತ ಎಲ್ಲರೂ ಕುಣಿಯುತ್ತಾರೆ. ಅದು ರೊಟುಲೇರಿಯಾ. ಸಮುದ್ರದ ಒಂದು ಹುಳ ತನಗೆ ತಾನೇ ಕಟ್ಟಿಕೊಂಡ ಸುಣ್ಣದ ಕೊಳವೆ. ಕೊನೆಯ ಸುತ್ತು ಸುರುಳಿಯಿಂದ ಬಿಟ್ಟುಕೊಂಡು ನೆಟ್ಟಗೆ ಹೊರಗೆ ಚಾಚಿರುತ್ತದೆ, ಅದೇ ಗುರುತು. ಒಳಗೆ ಗೋಡೆಗಳಿಲ್ಲ.

ದಪ್ಪ ಪದರಗಳ ಸಿಂಪಿ ಚಿಪ್ಪುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕಂಡರೆ ಗೊತ್ತಾಗುತ್ತದೆ. ಅಲ್ಲಲ್ಲಿ ಕಂದು ಬಣ್ಣದ ಉಂಡೆಗಲ್ಲುಗಳಿವೆ, ಫಾಸ್ಫೇಟಿನವು. ಒಡೆದರೆ ಒಳಗೆ ಏನಾದರೂ ಇರಬಹುದು. ಒಡೆಯಬೇಡಿ. ಈ ಜೇಡಿಯಲ್ಲಿ ಶಾರ್ಕ್ ಹಲ್ಲುಗಳೂ, ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ಅವಶೇಷಗಳೂ ಸಿಕ್ಕಿವೆ. ಹಾಗಾಗಿ ಚಿಪ್ಪಿನ ಬಣ್ಣಕ್ಕಿಂತ ಬೇರೆಯಾಗಿ, ಹೊಳೆಯುವ ಕಪ್ಪುಕಂದಿನ ಚೂರು ಕಂಡರೆ ತಡೆದು ನೋಡಿ.

ಸಿಕ್ಕಿದ್ದು ಎಲ್ಲಿಂದ ಬಂತು ಅನ್ನುವುದನ್ನೂ ಹುಡುಕಿ. ಕೊರಕಲಿನ ತಳದಲ್ಲಿ ಬಿದ್ದಿದ್ದು ಮೇಲಿನಿಂದ ಜಾರಿ ಬಂದಿರುತ್ತದೆ. ಅದೇ ಥರದ ಚೂರುಗಳು ಎಲ್ಲಿಯವರೆಗೆ ಕಾಣುತ್ತವೆ ನೋಡುತ್ತಾ ದಿಬ್ಬ ಹತ್ತಿ. ಒಂದು ಎತ್ತರದಲ್ಲಿ ಚೂರುಗಳು ನಿಂತುಹೋಗುತ್ತವೆ. ಅದರ ಸ್ವಲ್ಪ ಕೆಳಗೆ, ಗೋಡೆಯಲ್ಲಿ, ಅವು ಹುಟ್ಟಿದ ಪದರ ಇರುತ್ತದೆ. ಆ ಪದರವನ್ನು ಪತ್ತೆ ಮಾಡುವುದರಲ್ಲಿ ಇರುವ ಮಜಾ ಚೀಲ ತುಂಬಿಕೊಳ್ಳುವುದರಲ್ಲಿ ಇಲ್ಲ. ದಿಬ್ಬದ ಅಂಚು ಸಡಿಲ, ಇಳಿಯುವಾಗ ಅಡ್ಡಡ್ಡವಾಗಿ ಇಳಿಯಿರಿ. ಮಕ್ಕಳನ್ನು ಕೊರಕಲಿನ ನೇರ ಗೋಡೆಯ ಕೆಳಗೆ ಕೂರಿಸಬೇಡಿ. ಕಲ್ಲು ಎತ್ತುವ ಮೊದಲು ಕಡ್ಡಿಯಿಂದ ಒಮ್ಮೆ ಉರುಳಿಸಿ, ಅಡಿಯಲ್ಲಿ ಚೇಳಿರಬಹುದು.

ಹನ್ನೊಂದೂವರೆಗೆ ಇಲ್ಲಿಂದ ಹೊರಡಿ. ಇನ್ನೂ ಸ್ವಲ್ಪ ಹೊತ್ತು ಅನಿಸುತ್ತದೆ, ಪ್ರತಿ ಸಲವೂ ಅನಿಸುತ್ತದೆ. ಬಿಸಿಲು ನೆತ್ತಿಗೇರಿದ ಮೇಲೆ ತಲೆ ಸುತ್ತುವವರು ಜಾಸ್ತಿ, ಸಿಗುವುದು ಕಡಿಮೆ.

ಗರುಡಮಂಗಲಂ: ಚಿಪ್ಪು ಕಿಕ್ಕಿರಿದ ಕಲ್ಲು

ಇಲ್ಲಿ ಮೆತ್ತನೆ ಜೇಡಿ ಮುಗಿದು ಗಟ್ಟಿ ಕಲ್ಲು ಶುರುವಾಗುತ್ತದೆ. ಕಪ್ಪೆಚಿಪ್ಪು, ಶಂಖುಹುಳುಗಳೇ ಒತ್ತೊತ್ತಾಗಿ ಸೇರಿ ಆದ ಸುಣ್ಣಕಲ್ಲು. ಪಾಲಿಶ್ ಮಾಡಿದರೆ ಬೂದು ಹಿನ್ನೆಲೆಯಲ್ಲಿ ಬಿಳಿ ಚಿಪ್ಪುಗಳು ಎದ್ದು ಕಾಣುತ್ತವೆ. ತಿರುಚಿನಾಪಳ್ಳಿ ಮಾರ್ಬಲ್ ಅಂತ ಒಂದು ಕಾಲಕ್ಕೆ ಇದಕ್ಕೆ ಬೇಡಿಕೆ ಇತ್ತು. ಬಾಮೈದನಿಗೆ ದಿನದ ಅತ್ಯಂತ ಇಷ್ಟದ ಜಾಗ ಇದೇ, ಕಾರಣ ನೀವೇ ಊಹಿಸಬಹುದು. ಚಿಪ್ಪುಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿವೆಯೋ, ಬದುಕಿದ್ದ ಹಾಗೇ ಎರಡೂ ದಳ ಸೇರಿಕೊಂಡಿವೆಯೋ ನೋಡಿ. ಬಿಡಿಬಿಡಿಯಾಗಿ ರಾಶಿ ಬಿದ್ದಿದ್ದರೆ ಅಲೆಗಳು ತಂದು ಒಟ್ಟಿದ್ದು. ಅರ್ಧ ಗಂಟೆ ಸಾಕು.

ಸಾತ್ತನೂರು: ಕಲ್ ಮರಂ

ಮಧ್ಯಾಹ್ನದ ಊಟ ಇಲ್ಲಿ. ಬೇಲಿ ಹಾಕಿದ ಉದ್ಯಾನ, ಕೂರಲು ನೆರಳು. ಒಳಗೆ ತೋಡಿನಲ್ಲಿ ಉದ್ದಕ್ಕೆ ಮಲಗಿದೆ ಮರ. 18 ಮೀಟರಿಗಿಂತ ಉದ್ದದ ಕಾಂಡ. 1940ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಡಾ. ಎಂ. ಎಸ್. ಕೃಷ್ಣನ್ ಇದನ್ನು ಕಂಡು ವರದಿ ಮಾಡಿದರು. ಮುಂದೆ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದವರು ಅವರೇ. ಈಗ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.  ಸೂಚಿಪರ್ಣದ ಜಾತಿಯ ಮರ.

ಬೆಳಗ್ಗೆ ಎಲೆ ನೋಡಿದಿರಿ, ಆಮೇಲೆ ಕಡಲು ನೋಡಿದಿರಿ. ಇಲ್ಲಿ ಕಡಲಿನಲ್ಲಿ ಬಿದ್ದ ಮರ. ದಡದಲ್ಲಿ ಬೆಳೆದ ಮರ ನದಿಯ ಪಾಲಾಗಿ, ತೇಲಿ ಬಂದು, ನೀರು ಕುಡಿದು ಮುಳುಗಿ, ಸಮುದ್ರದ ಕೆಸರಿನಲ್ಲಿ ಹೂತುಹೋಯಿತು. ಗಾಳಿ ತಾಗದ್ದರಿಂದ ಬೇಗ ಕೊಳೆಯಲಿಲ್ಲ. ನೆಲದೊಳಗಿನ ನೀರಿನಲ್ಲಿ ಕರಗಿದ್ದ ಸಿಲಿಕಾ ಮರದ ಒಂದೊಂದೇ ಜೀವಕೋಶದೊಳಗೆ ತುಂಬಿಕೊಂಡಿತು. ಹಾಗಾಗಿಯೇ ಮರದ ನಾರು ಕಲ್ಲಿನಲ್ಲೂ ನಾರಿನ ಹಾಗೇ ಕಾಣುತ್ತದೆ. ಬೇಲಿಯಾಚೆಯಿಂದ ನೋಡುವಾಗ ಮೊಬೈಲಿನ ಕ್ಯಾಮೆರಾ ಜೂಮ್ ಮಾಡಿ, ಕಾಂಡ ಅಡ್ಡಲಾಗಿ ಬಿರುಕು ಬಿಟ್ಟ ಜಾಗದಲ್ಲಿ ಬೆಳವಣಿಗೆಯ ಉಂಗುರಗಳನ್ನು ಹುಡುಕಿ.

ವರಗೂರು, ಆನೈಪ್ಪಾಡಿ ಹಳ್ಳಿಗಳ ಕಡೆಯೂ ಇಂಥ ಕಾಂಡಗಳು ಸಿಕ್ಕಿವೆ. ಈ ಸುತ್ತಿನಲ್ಲಿ ನಡೆದಾಡುವಾಗ ಸಣ್ಣ ಮರಗಲ್ಲಿನ ಚೂರು ಕಂಡರೆ ಅದರಲ್ಲಿ ದುಂಡನೆ ತೂತುಗಳಿವೆಯಾ ನೋಡಿ. ಮರ ಕೊರೆಯುವ ಚಿಪ್ಪುಜೀವಿಗಳ ಕೆಲಸ ಅದು. ಈಗಲೂ ಅದರ ಬಂಧುಗಳು ಮರದ ದೋಣಿಗಳನ್ನು ಕೊರೆಯುತ್ತವೆ. ಕೊರೆದ ತೂತಿದ್ದರೆ ಆ ಮರ ಸಮುದ್ರದಲ್ಲಿ ಸಾಕಷ್ಟು ಹೊತ್ತು ತೇಲಿತ್ತು ಅನ್ನಬಹುದು.

ಸಂಜೆಗೆ ಶಕ್ತಿ ಉಳಿದಿದ್ದರೆ ಅರಿಯಲೂರಿನ ಕಡೆ ಹೋಗಿ. ವಾರಣವಾಸಿಯಲ್ಲಿ ಪಳೆಯುಳಿಕೆ ಮ್ಯೂಸಿಯಂ ಇದೆ, ರಜಾ ದಿನ ಯಾವುದು ಅಂತ ಮೊದಲೇ ವಿಚಾರಿಸಿಕೊಳ್ಳಿ. ಮುರಿದ ತುಂಡುಗಳನ್ನೇ ನೋಡಿ ಬಂದ ಕಣ್ಣಿಗೆ ಇಡೀ ಚಿಪ್ಪುಗಳನ್ನು ನೋಡಿದಾಗ ಎಷ್ಟೋ ವಿಷಯ ಸ್ಪಷ್ಟವಾಗುತ್ತದೆ. ಮ್ಯೂಸಿಯಂ ಮೊದಲು, ಬಯಲು ಆಮೇಲೆ ಅನ್ನುವವರೂ ಇದ್ದಾರೆ. ನನಗೆ ಅದು ಸರಿ ಬರಲಿಲ್ಲ. ಗಾಜಿನ ಪೆಟ್ಟಿಗೆಯ ದೊಡ್ಡ ಅಮೋನೈಟ್ ನೋಡಿಕೊಂಡು ಕಾರೈಗೆ ಹೋದ ಮಕ್ಕಳು ಸಣ್ಣ ತುಂಡುಗಳನ್ನು ತಿರುಗಿಯೂ ನೋಡುವುದಿಲ್ಲ.

ತರುವುದು ಏನು, ಬಿಡುವುದು ಏನು

ಸುತ್ತಿಗೆ ಬೇಡ ಅಂದೆನಲ್ಲ. ಸಾತ್ತನೂರಿನಿಂದ ಒಂದು ಚೂರೂ ತೆಗೆಯುವಂತಿಲ್ಲ, ಅದು ಸ್ಮಾರಕ. ಉಳಿದ ಕಡೆಗಳಲ್ಲಿ ಜಮೀನು ರೈತರದ್ದೋ ಸರ್ಕಾರದ್ದೋ ಗಣಿಯವರದ್ದೋ ಆಗಿರುತ್ತದೆ. ಇಂಥ ಜಾಗಗಳನ್ನು ಕಾಪಾಡಲೆಂದೇ 2022ರಲ್ಲಿ ಕೇಂದ್ರ ಸರ್ಕಾರ ಒಂದು ಮಸೂದೆಯ ಕರಡು ಹೊರಡಿಸಿತು. ಕಾನೂನಿನ ಮಾತು ಹಾಗಿರಲಿ. ಕಾರೈಗೆ ಬಸ್ಸುಗಟ್ಟಲೆ ವಿದ್ಯಾರ್ಥಿಗಳು ಬರುತ್ತಾರೆ. ತಲೆಗೆ ಒಂದೊಂದು ಚೀಲ ತುಂಬಿದರೆ ಮುಂದಿನ ಮಳೆಯವರೆಗೆ ಬಯಲು ಖಾಲಿ. ಒಂದು ಕಾಲೇಜಿನ ಗುಂಪು ಸುತ್ತಿಗೆ ಹಿಡಿದು ಕೊರಕಲಿನ ಗೋಡೆಯನ್ನೇ ಕೆಡವುತ್ತಿದ್ದುದನ್ನು ನಾನು ನೋಡಿದ್ದೇನೆ. ಜೊತೆಗಿದ್ದ ಮೇಷ್ಟರು ಫೋನಿನಲ್ಲಿದ್ದರು. ನಾನೂ ಮೇಷ್ಟ್ರೇ, ಹಾಗಾಗಿ ಹೊಟ್ಟೆ ಉರಿಯಿತು.

ನಾವು ತರುವುದು ಫೋಟೋ ಮತ್ತು ನೋಟ್‌ಬುಕ್. ಪ್ರತಿ ಪಳೆಯುಳಿಕೆಗೆ ಮೂರು ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲಿಟ್ಟು ನೇರವಾಗಿ ಒಂದು. ಓರೆ ಬೆಳಕಿನಲ್ಲಿ ಒಂದು. ನಾಲ್ಕು ಹೆಜ್ಜೆ ಹಿಂದೆ ಸರಿದು ಅದು ಬಿದ್ದಿದ್ದ ಜಾಗ, ಹಿಂದಿನ ಪದರ ಎಲ್ಲ ಕಾಣುವ ಹಾಗೆ ಇನ್ನೊಂದು. ಈ ಮೂರನೆಯದನ್ನು ಯಾರೂ ತೆಗೆಯುವುದಿಲ್ಲ, ತಿಳಿದವರು ಮೊದಲು ಕೇಳುವುದೇ ಅದನ್ನು. ನೋಟ್‌ಬುಕ್ಕಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ, ಮಣ್ಣಿನ ಬಣ್ಣ, ಬಿದ್ದಿದ್ದೋ ಪದರದಲ್ಲೇ ಇದ್ದದ್ದೋ, ಜೊತೆಗೆ ಇನ್ನೇನಿತ್ತು, ಇಷ್ಟು ಬರೆಯಿರಿ. ಮಗಳಿಗೆ ನಾನು ಚಿತ್ರ ಬರೆಯಲು ಹೇಳುತ್ತೇನೆ. ಏಣುಗಳನ್ನು ಎಣಿಸಿ ಬರೆಯಬೇಕಲ್ಲ, ಆಗ ತಾನಾಗೇ ಸರಿಯಾಗಿ ನೋಡುತ್ತಾಳೆ.

ಹಳ್ಳಿಯಲ್ಲಿ ಯಾರಾದರೂ ಕಲ್ಲು ಮಾರಲು ತಂದರೆ ಕೊಳ್ಳಬೇಡಿ. ಇವತ್ತು ಕೊಂಡರೆ ನಾಳೆ ಅಗೆಯುತ್ತಾರೆ. "ಡೈನೋಸಾರ್ ಮೊಟ್ಟೆ" ಅಂದರಂತೂ ನಕ್ಕು ಮುಂದೆ ಹೋಗಿ. 2020ರಲ್ಲಿ ಪೆರಂಬಲೂರು ಜಿಲ್ಲೆಯಲ್ಲಿ ದುಂಡು ಕಲ್ಲುಗಳು ಸಿಕ್ಕಾಗ ಇದೇ ಸುದ್ದಿ ಎಲ್ಲೆಡೆ ಹಬ್ಬಿತ್ತು. ಭೂವಿಜ್ಞಾನಿಗಳು ನೋಡಿ, ಮೊಟ್ಟೆಯಲ್ಲ, ಸಮುದ್ರದ ಕೆಸರು ಉಂಡೆಗಟ್ಟಿದ್ದು ಅಂದರು. ಅರಿಯಲೂರು ಕಡೆಯ ಕಲ್ಲಮೇಡುವಿನಲ್ಲಿ ಡೈನೋಸಾರ್ ಮೂಳೆ ಸಿಕ್ಕಿರುವುದು ನಿಜ, ಆದರೆ ಅದು ಬೇರೆ ಪದರ, ಇನ್ನೂ ಹೊಸದು.

ನಿಮಗೇ ಮೂಳೆಯಂಥದ್ದು, ದೊಡ್ಡ ಹಲ್ಲಿನಂಥದ್ದು, ಅಥವಾ ಗೋಡೆಯಲ್ಲಿ ಇಡಿಯಾಗಿ ಕೂತ ದೊಡ್ಡ ಅಮೋನೈಟ್ ಕಂಡರೆ ಕೈ ಹಾಕಬೇಡಿ. ಫೋಟೋ ತೆಗೆದು, ಲೊಕೇಶನ್ ಗುರುತು ಹಾಕಿಕೊಂಡು, ಭೂವೈಜ್ಞಾನಿಕ ಸರ್ವೇಕ್ಷಣೆಯ ಚೆನ್ನೈ ಕಚೇರಿಗೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಮೇಲ್ ಮಾಡಿ. ಮೂರನೇ ಫೋಟೋ ಸೇರಿಸುವುದನ್ನು ಮರೆಯಬೇಡಿ. ಲೊಕೇಶನ್ನನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.